ನಕ್ಷತ್ರದ ಗಡಿಯಾರ, ಕ್ವಾರ್ಕಿನ ಎಣಿಕೆ

ಪ್ರಶ್ನೆ: ಕಣಗಳನ್ನು ಡಿಕ್ಕಿ ಹೊಡೆಸಿ ದೇಶಕಾಲದ ಮೂಲರಚನೆಯನ್ನೇ ಪರೀಕ್ಷಿಸುತ್ತಾರಂತೆ. ಅಲ್ಲಿ ನಿಜಕ್ಕೂ ಅಳೆಯುವುದು ಏನನ್ನು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಳೆಯುವುದಕ್ಕಿಂತ ಎಣಿಸುವುದೇ ಹೆಚ್ಚು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಪ್ರಯೋಗವನ್ನು ಯಾವ ದಿಕ್ಕಿಗೆ ತಿರುಗಿಸಿ ಇಟ್ಟರೂ ಫಲಿತಾಂಶ ಒಂದೇ. ಮರದ ಹಲಗೆಗೆ ಇರುವಂತೆ ದೇಶಕಾಲಕ್ಕೂ ಒಂದು ಎಳೆ ಇದ್ದರೆ ಹಾಗಾಗದು. ಇದೇ ಲೊರೆಂಟ್ಸ್ ಸಮಮಿತಿಯ ಭಂಗ. ಜಿನೀವಾ ಬಳಿ ಸೆರ್ನ್ ಪ್ರಯೋಗಾಲಯದ ಸುರಂಗದಲ್ಲಿ ಪ್ರೋಟಾನ್ ಕಿರಣಗಳನ್ನು ಡಿಕ್ಕಿ ಹೊಡೆಸುವ, 27 ಕಿ.ಮೀ. ಸುತ್ತಳತೆಯ ಎಲ್‌ಎಚ್‌ಸಿ ಯಂತ್ರವನ್ನು ತಿರುಗಿಸುವವರು ಯಾರು? ಭೂಮಿಯೇ.

ಈ ಯಂತ್ರದ ಸಿಎಂಎಸ್ ಶೋಧಕವನ್ನು ನಡೆಸುವ ತಂಡ 2016 ಮತ್ತು 2017ರ ಡಿಕ್ಕಿಗಳಲ್ಲಿ ಹುಟ್ಟಿದ ಟಾಪ್ ಕ್ವಾರ್ಕ್ (ತಿಳಿದಿರುವ ಅತಿ ಭಾರದ ಮೂಲಕಣ) ಜೋಡಿಗಳನ್ನು ಭೂಮಿ ತಿರುಗಿದಂತೆಲ್ಲ ಎಣಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು. ಟಾಪ್ ಬದುಕುವುದು ಸುಮಾರು 5×10⁻²⁵ ಸೆಕೆಂಡು ಮಾತ್ರ. ಹಾಗಾಗಿ ಹಿಡಿಯುವುದು ಅದರ ಚೂರುಗಳನ್ನು: ಒಂದು ಎಲೆಕ್ಟ್ರಾನ್, ವಿರುದ್ಧ ವಿದ್ಯುದಂಶದ ಒಂದು ಮ್ಯೂಆನ್ (ಎಲೆಕ್ಟ್ರಾನಿನ ಭಾರದ ಸೋದರ ಕಣ), ಜೊತೆಗೆ ಬಾಟಮ್ ಕ್ವಾರ್ಕಿನಿಂದ ಚಿಮ್ಮಿದ ಕಣಗಳ ಜೆಟ್. ಈ ಕೂಟದಲ್ಲಿ ಹುಸಿ ಘಟನೆಗಳು ಕಡಿಮೆ. ಪ್ರತಿ ಘಟನೆಯ ಸಮಯವನ್ನು ನಾಕ್ಷತ್ರ ಕಾಲಕ್ಕೆ (ಸೂರ್ಯನ ಬದಲು ನಕ್ಷತ್ರಗಳನ್ನು ನೋಡಿ ಎಣಿಸುವ ಕಾಲ) ಬದಲಿಸಿ 24 ಖಾನೆಗಳಿಗೆ ಹಂಚುತ್ತಾರೆ. ಎಳೆ ಇದ್ದರೆ ಎಣಿಕೆ ದಿನಕ್ಕೊಮ್ಮೆಯೋ ಎರಡು ಸಲವೋ ಏರಿಳಿಯಬೇಕು.

ನಮ್ಮ ಗಡಿಯಾರ ಏಕೆ ಬೇಡ? ಅದು ಸೂರ್ಯನನ್ನು ಹಿಂಬಾಲಿಸುತ್ತದೆ, ಎಳೆಯ ದಿಕ್ಕಾದರೋ ನಕ್ಷತ್ರಗಳ ಲೆಕ್ಕದಲ್ಲಿ ಸ್ಥಿರ. ನಾಕ್ಷತ್ರ ದಿನ 23 ಗಂಟೆ 56 ನಿಮಿಷ 4 ಸೆಕೆಂಡು. ದಿನಕ್ಕೆ ಸುಮಾರು 4 ನಿಮಿಷ ಸರಿಯುತ್ತ ಆರು ತಿಂಗಳಲ್ಲಿ ಹಗಲಿನ ಖಾನೆ ರಾತ್ರಿಗೆ ಬಂದಿರುತ್ತದೆ. ವರ್ಷಪೂರ್ತಿ ಯಂತ್ರ ಓಡಿದ್ದರೆ ಹಗಲು-ರಾತ್ರಿಯ ವ್ಯತ್ಯಾಸ ತಾನಾಗಿ ಅಳಿಸಿಹೋಗುತ್ತಿತ್ತು. ಆದರೆ ಚಳಿಗಾಲದಲ್ಲಿ ಯಂತ್ರ ನಿಲ್ಲಿಸುತ್ತಾರಲ್ಲ, ತೊಡಕು ಅಲ್ಲೇ. ಪ್ರೋಟಾನ್ ತುಂಬಿದ ಮೇಲೆ ಗಂಟೆಗಳು ಕಳೆದಂತೆ ಕಿರಣ ಸೊರಗುತ್ತದೆ, ಒಂದೇ ಕ್ಷಣದಲ್ಲಿ ಆಗುವ ಡಿಕ್ಕಿಗಳೂ ಇಳಿಯುತ್ತವೆ. ತುಂಬುವ ಕೆಲಸ ದಿನದ ಒಂದೇ ಹೊತ್ತಿಗೆ ಹೆಚ್ಚಾಗಿ ಬಿದ್ದರೆ ಸಾಕು, ಸುಳ್ಳು ಅಲೆ ಸಿದ್ಧ. ಆದ್ದರಿಂದ ಡಿಕ್ಕಿಗಳ ಪ್ರಮಾಣ, ಘಟನೆ ಆಯುವ ಟ್ರಿಗರ್‌ನ ದಕ್ಷತೆ ಎಲ್ಲವನ್ನೂ ಖಾನೆವಾರು ತಿದ್ದಬೇಕು. ನಿಜವಾದ ದುಡಿಮೆ ಇರುವುದು ಇಲ್ಲೇ, ಡಿಕ್ಕಿಯಲ್ಲಲ್ಲ.

ಅಲೆ ಕಾಣಲಿಲ್ಲ. ಆದರೂ ಭಂಗ ಎಷ್ಟಿರಬಹುದು ಎಂಬುದಕ್ಕೆ ಅಮೆರಿಕದ ಫರ್ಮಿಲ್ಯಾಬ್‌ನ ಡಿ-ಝೀರೋ ತಂಡ 2012ರಲ್ಲಿ ಹಾಕಿದ್ದ ಮಿತಿ ಸುಮಾರು 100 ಪಟ್ಟಿನವರೆಗೆ ಬಿಗಿಯಾಯಿತು.

ಪ್ರಶ್ನೆ: ಚಂದ್ರನ ಸೆಳೆತ ಇಂಥ ಪ್ರಯೋಗ ಕೆಡಿಸುವುದಿಲ್ಲವೇ?
– ಓದುಗರು, ಧಾರವಾಡ

ಉತ್ತರ: ಎಲ್‌ಎಚ್‌ಸಿ ಇರುವ ಸುರಂಗದಲ್ಲೇ ಹಿಂದೆ ಇದ್ದ, ಎಲೆಕ್ಟ್ರಾನ್‌-ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತಿದ್ದ ಎಲ್‌ಇಪಿ ಯಂತ್ರದಲ್ಲಿ ನೆಲದ ಉಬ್ಬರವಿಳಿತದಿಂದ ಸುತ್ತಳತೆ ಸುಮಾರು 1 ಮಿ.ಮೀ. ಬದಲಾಗುತ್ತಿತ್ತು. ಕಿರಣದ ಶಕ್ತಿಯನ್ನು ನಿಖರವಾಗಿ ಅಳೆಯುವವರಿಗೆ ಅದು ತಲೆನೋವು. ಟಾಪ್ ಎಣಿಕೆಗೆ ಅಷ್ಟು ಕಾಟವಿಲ್ಲ. ಚಂದ್ರನ ದಿನ ಸುಮಾರು 24 ಗಂಟೆ 50 ನಿಮಿಷ. ನಾಕ್ಷತ್ರ ಖಾನೆಗಳಲ್ಲಿ ಅದು ಒಂದು ಕಡೆ ನಿಲ್ಲದೆ ತಿಂಗಳೊಳಗೆ ಪೂರ್ತಿ ಸುತ್ತಿಬಿಡುತ್ತದೆ.