ನಿಮ್ಮ ಇಲಿ–ಜಿಂಕೆ ಲೇಖನದ ಬಗ್ಗೆ

ನಮಸ್ಕಾರ. ಇಲಿ ಮತ್ತು ಜಿಂಕೆಯನ್ನು ಹೋಲಿಸಿ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ, ಆದರೆ ವಿಷಯ ಬಿಡಬೇಡಿ.

ಮೊದಲ ಎರಡು ಪುಟ ಪೂರ್ತಿ ಎರಡಕ್ಕೂ ಕೂದಲಿದೆ, ಎರಡೂ ಮರಿಗೆ ಹಾಲು ಕುಡಿಸುತ್ತವೆ, ಎರಡರದ್ದೂ ಬಿಸಿ ರಕ್ತ ಅಂತಲೇ ಸಾಗಿದೆ. ಇದು ಹಂದಿಗೂ ಸರಿ, ಆನೆಗೂ ಸರಿ, ನನಗೂ ನಿಮಗೂ ಸರಿ. ಸಸ್ತನಿ ಅಂದಮೇಲೆ ಅಷ್ಟು ಇದ್ದೇ ಇರುತ್ತದೆ ಅಲ್ವಾ? ಸಾಮ್ಯ ಹೇಳಲೇಬೇಕಿದ್ದರೆ ಒಂದು ಸಾಕು: ಕುತ್ತಿಗೆಯೇ ಕಾಣದ ಇಲಿಗೂ ಉದ್ದ ಕತ್ತಿನ ಜಿಂಕೆಗೂ ಕತ್ತಿನ ಮೂಳೆ ಏಳೇ.

ಲೇಖನಕ್ಕೆ ಜೀವ ಬರುವುದು ಮರಿಗಳ ವಿಷಯದಲ್ಲಿ. ಅದನ್ನೇ ನಾಲ್ಕು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ! ಮನೆ ಇಲಿ ಸುಮಾರು 20 ದಿನ ಹೊತ್ತು ಐದಾರು ಮರಿ ಹಾಕುತ್ತದೆ. ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಕೂದಲಿಲ್ಲ, ಬರೀ ಕೆಂಪು ಮಾಂಸದ ಮುದ್ದೆ. ಹೆತ್ತ ಒಂದು ದಿನದೊಳಗೆ ತಾಯಿ ಮತ್ತೆ ಬಸಿರಾಗಬಹುದು. ಬಂಡೀಪುರದ ಚುಕ್ಕೆ ಜಿಂಕೆ ಏಳೆಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಆ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟಿ ಸ್ವಲ್ಪ ಹೊತ್ತಿಗೆಲ್ಲ ತಡವರಿಸುತ್ತ ಎದ್ದು ನಿಲ್ಲುತ್ತದೆ. ಯಾಕೆ ಹೀಗೆ? ಇಲಿಗೆ ಮರಿ ಬಚ್ಚಿಡಲು ಬಿಲವೋ ಸಂದಿಯೋ ಇದೆ, ಜೊತೆಗೆ ಮರಿಗಳು ಸತ್ತರೂ ಬೇಗನೆ ಮತ್ತೆ ಹೆರುವ ದಾರಿ ಇದೆ. ಜಿಂಕೆಗೆ ಬಿಲ ಇಲ್ಲ. ಮೊದಮೊದಲು ತಾಯಿ ಮರಿಯನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ಹಾಲು ಕೊಡಲು ಬಂದು ಹೋಗುತ್ತದೆ, ಆಮೇಲೆ ಹುಲಿ, ಸೀಳುನಾಯಿ ಬಂದರೆ ಮರಿಯೇ ಓಡಬೇಕು. ಈ 'ಯಾಕೆ' ನಿಮ್ಮ ಬರಹದಲ್ಲಿ ಒಮ್ಮೆಯೂ ಬರುವುದಿಲ್ಲ.

ತಪ್ಪುಗಳೂ ಇವೆ. ಜಿಂಕೆ ಮೇಲಿನ ಬಾಚಿಹಲ್ಲಿನಿಂದ ಹುಲ್ಲು ಕತ್ತರಿಸುತ್ತದೆ ಅಂದಿದ್ದೀರಿ. ಅದಕ್ಕೆ ಮೇಲೆ ಬಾಚಿಹಲ್ಲೇ ಇಲ್ಲ, ಗಟ್ಟಿ ವಸಡಿದೆ. ಸಾಯುವ ತನಕ ಬೆಳೆಯುವ ಬಾಚಿಹಲ್ಲು ಇಲಿಯದ್ದು. ಹಾಗೆಯೇ ಚುಕ್ಕೆ ಜಿಂಕೆಯಲ್ಲಿ ಕೊಂಬು ಗಂಡಿಗೆ ಮಾತ್ರ, ಅದೂ ಉದುರಿ ಹೊಸದಾಗಿ ಮೂಡುತ್ತದೆ, ಹಸುವಿನ ಕೊಂಬಿನ ಥರ ಅಲ್ಲ.

ಜಿಂಕೆ ಮೆಲುಕು ಹಾಕುವುದನ್ನು ಚೆನ್ನಾಗಿ ಬರೆದಿದ್ದೀರಿ. ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಮಾತ್ರ ಬಿಟ್ಟಿದ್ದೀರಿ, ಅಸಹ್ಯ ಅಂತಲಾ? ಕರುಳಿನ ಕೊನೆಯಲ್ಲಿ ಬ್ಯಾಕ್ಟೀರಿಯಾ ತಯಾರಿಸಿದ ವಿಟಮಿನ್ ದಕ್ಕಬೇಕೆಂದರೆ ಅದಕ್ಕೆ ಇದೊಂದು ಉಪಾಯ. ಎರಡನ್ನೂ ಪಕ್ಕಪಕ್ಕ ಇಡಿ, ಓದುಗರು ಪುಟ ತಿರುಗಿಸುವುದಿಲ್ಲ. 'ಮುದ್ದಾದ ಜಿಂಕೆ', 'ಕೊಳಕು ಇಲಿ' ಎಲ್ಲ ತೆಗೆಯಿರಿ, ಸುಮ್ನೆ ಜಾಗ ತಿನ್ನುತ್ತವೆ.

800 ಪದದೊಳಗೆ ಮತ್ತೆ ಬರೆದು ಕಳಿಸಿ. ನೆಟ್‌ನಿಂದ ಎತ್ತಿದ ಫೋಟೋ ಬೇಡ.