ಪ್ಲಸ್ ಒನ್ ಹುಡುಗಿಗೆ ಮಿದುಳಿನ ಸ್ಕ್ಯಾನ್ ಯಾಕೆ?

ಪತ್ರ: ಗಂಡು ಹೆಣ್ಣಿನ ಮಿದುಳು ಬೇರೆ ಬೇರೆ ಎಂದು ಸ್ಕ್ಯಾನಿಂಗ್ ಚಿತ್ರಗಳೇ ತೋರಿಸುತ್ತವಂತೆ. ಹುಡುಗಿಯರಿಗೆ ಭಾಷೆ, ಹುಡುಗರಿಗೆ ಗಣಿತ ಎಂದಾದ ಮೇಲೆ, ಪ್ಲಸ್ ಒನ್‌ನಲ್ಲಿ (ಹನ್ನೊಂದನೆಯ ತರಗತಿಯಲ್ಲಿ) ಸಯನ್ಸ್ ಬೇಕೆನ್ನುವ ಮೊಮ್ಮಗಳನ್ನು ಹ್ಯುಮಾನಿಟೀಸಿಗೆ ಸೇರಿಸುವುದೇ ಒಳ್ಳೆಯದಲ್ಲವೇ?
– ನಿವೃತ್ತ ಅಧ್ಯಾಪಕರೊಬ್ಬರು, ಬದಿಯಡ್ಕ, ಕಾಸರಗೋಡು

ಸಂಪಾದಕರ ಉತ್ತರ: ಮಾಷ್ಟ್ರೇ, ನಿವೃತ್ತಿಯಾದ ಮೇಲೂ ವಿಜ್ಞಾನ ಓದಿ ಪತ್ರ ಬರೆಯುತ್ತೀರಲ್ಲ, ಅದು ದೊಡ್ಡದು. ಆದರೆ ಮೊಮ್ಮಗಳ ವಿಷಯದಲ್ಲಿ ಇಷ್ಟು ಅವಸರ ಮಾಡಬಾರದಿತ್ತು.

ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗಂಡಸರ ಮಿದುಳಿನ ಗಾತ್ರ ಸರಾಸರಿಯಲ್ಲಿ ಸುಮಾರು ಶೇ. 11ರಷ್ಟು ಹೆಚ್ಚು, ಅವರ ಮೈಕಟ್ಟೂ ದೊಡ್ಡದೇ. ಮರೆವು ತರುವ ಅಲ್ಝೈಮರ್ ಕಾಯಿಲೆ ಹೆಂಗಸರಲ್ಲಿ ಹೆಚ್ಚು. ವೈದ್ಯರು ಇದನ್ನೆಲ್ಲ ಅಭ್ಯಾಸ ಮಾಡಲೇಬೇಕು.

ಆದರೆ ಈ ‘ಭಾಷೆಯ ಮಿದುಳು’ ಎಲ್ಲಿಂದ ಬಂತು? 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಶೇವಿಟ್ಜ್ ದಂಪತಿ ಮತ್ತು ಸಂಗಡಿಗರ ಲೇಖನ ಬಂತು. 19 ಗಂಡಸರು, 19 ಹೆಂಗಸರು. ಎರಡು ಪದಗಳಿಗೆ ಪ್ರಾಸ ಕೂಡುತ್ತದೆಯೇ ಎಂದು ಹೇಳಬೇಕು. ಗಂಡಸರಲ್ಲಿ ಮಿದುಳಿನ ಎಡಭಾಗ ಚುರುಕಾಯಿತು, 11 ಹೆಂಗಸರಲ್ಲಿ ಎರಡೂ ಭಾಗ. ಮಿಕ್ಕ 8 ಹೆಂಗಸರನ್ನು ಎಲ್ಲಿಡುತ್ತೀರಿ? ಪ್ರಾಸ ಗುರುತಿಸುವುದರಲ್ಲಂತೂ ಗಂಡು ಹೆಣ್ಣು ಸಮಸಮ. 2004ರಲ್ಲಿ ಐರಿಸ್ ಸಾಮ್ಮರ್ ಮತ್ತು ಸಂಗಡಿಗರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಆ ಅಂತರ ಕಾಣಲೇ ಇಲ್ಲ. ಮೊದಲಿನ ಸುದ್ದಿ ಬದಿಯಡ್ಕದವರೆಗೆ ಬಂತು, ಎರಡನೆಯದು ಬರಲಿಲ್ಲ. ನನ್ನ ಸಂಕಟ ಅದೇ.

ಚಿತ್ರದ ಕೆಂಪು ಹಳದಿಯನ್ನೂ ಹಾಗೇ ನಂಬಬೇಡಿ. ಯಂತ್ರ ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು. ಬಣ್ಣ ಬಳಿಯುವುದು ಆಮೇಲಿನ ಲೆಕ್ಕಾಚಾರ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ನೋಡುವಾಗ ಆಕಸ್ಮಿಕವಾಗಿ ಬರುವ ತಪ್ಪನ್ನು ಲೆಕ್ಕದಲ್ಲಿ ಸರಿಪಡಿಸದಿದ್ದರೆ ಸತ್ತ ಮೀನಿನ ಮಿದುಳೂ ಕೆಲಸ ಮಾಡಿದಂತೆ ಕಂಡಿತು! 2015ರಲ್ಲಿ ಡಾಫ್ನಾ ಜೋಯೆಲ್ ತಂಡ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರ ನೋಡಿತು. ಪೂರ್ತಿ ‘ಗಂಡು’ ಅಥವಾ ಪೂರ್ತಿ ‘ಹೆಣ್ಣು’ ಲಕ್ಷಣದವು ತೀರ ವಿರಳ, ಹೆಚ್ಚಿನವು ಬೆರಕೆ. ಇದನ್ನು ಒಪ್ಪದ ವಿಜ್ಞಾನಿಗಳಿದ್ದಾರೆ, ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ ಗಂಡೋ ಹೆಣ್ಣೋ ಊಹಿಸಬಹುದು ಎನ್ನುತ್ತಾರೆ. ಊಹಿಸಲಿ. ಅಷ್ಟಕ್ಕೆ ಅವಳಿಗೆ ಗಣಿತ ಬಾರದು ಎಂದಾಗುವುದಿಲ್ಲ.

ನಮ್ಮ ಬೀಡಿ ಕಟ್ಟುವ ಅಕ್ಕಂದಿರನ್ನು ಕೇಳಿ. ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕೊಟ್ಟ ಬೀಡಿ ಎಷ್ಟು, ಬರಬೇಕಾದ ಮಜೂರಿ ಎಷ್ಟು ಎಂದು ಬಾಯಲ್ಲೇ ಹೇಳುತ್ತಾರೆ. ಅವರು ಶಾಲೆ ಬಿಟ್ಟದ್ದು ಲೆಕ್ಕ ಬಾರದೆ ಅಲ್ಲ.

ಮಾಷ್ಟ್ರೇ, ಕಾಸರಗೋಡಿನ ಕನ್ನಡ ಹುಡುಗಿಯರನ್ನು ಸಯನ್ಸಿನಿಂದ ದೂರ ಇಡುವುದು ಯಾವುದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸುತ್ತಾರೆ. ಪ್ರಮೇಯವನ್ನು ಮಕ್ಕಳ ಭಾಷೆಯಲ್ಲಿ ಬಿಡಿಸಿ ಹೇಳುವವರೇ ಇಲ್ಲ. ಪೋಷಕರು ಪ್ರತಿಭಟಿಸಿದರೆ ವರ್ಗಾವಣೆ, ಮತ್ತೆ ಇನ್ನೊಬ್ಬರು ಅಂಥವರೇ. ಅದನ್ನೆಲ್ಲ ದಾಟಿ ಹತ್ತನೆಯದು ಪಾಸಾದರೆ ಪ್ಲಸ್ ಒನ್‌ನಲ್ಲಿ ಪುಸ್ತಕವೆಲ್ಲ ಇಂಗ್ಲಿಷ್. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಅರ್ಜಿ ಬರೆಯುತ್ತಲೇ ಇದ್ದೇವೆ. ಇಷ್ಟು ಅಡ್ಡಿಗಳನ್ನು ದಾಟಿ ನಿಮ್ಮ ಮೊಮ್ಮಗಳು ಸಯನ್ಸ್ ಬೇಕು ಎನ್ನುತ್ತಿದ್ದಾಳೆ. ಅವಳ ಕೈಯಿಂದ ಅರ್ಜಿ ಕಿತ್ತುಕೊಳ್ಳಲು ಮನೆಯವರೇ ಹೊರಟರೆ ಹೇಗೆ?

ಸಯನ್ಸಿಗೇ ಸೇರಿಸಿ. ಮೊದಲ ಎರಡು ತಿಂಗಳು ಸಂಜೆ ಕೂತು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಅದು ನಿಮ್ಮಿಂದಾಗುವ ಕೆಲಸ. ಜೊತೆಗೆ, ನಿಮ್ಮೂರ ಶಾಲೆಯಲ್ಲಿ ಕನ್ನಡ ಬಲ್ಲ ಗಣಿತ ಅಧ್ಯಾಪಕರಿದ್ದಾರೆಯೇ ಎಂದು ಪಿಟಿಎ (ರಕ್ಷಕ-ಶಿಕ್ಷಕ ಸಂಘ) ಸಭೆಯಲ್ಲಿ ಕೇಳಿ ನಮಗೆ ಬರೆಯಿರಿ. ಆ ಪತ್ರವನ್ನು ಮೊದಲ ಪುಟದಲ್ಲಿ ಹಾಕುತ್ತೇನೆ.