ಎರಡು ಫೈಲು, ಒಂದೇ ಲಿವರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮನೆಯಲ್ಲೇ ಬಟ್ಟೆ ಹೊಲಿಯುವ, ನಲವತ್ತೈದು ದಾಟಿದ ಹೆಂಗಸು. ಎಚ್‌ಐವಿಗೆ ನಮ್ಮ ಎಆರ್‌ಟಿ (ಎಚ್‌ಐವಿ ಹತೋಟಿಯ ಔಷಧಿ) ಕೇಂದ್ರದಲ್ಲಿ ಬಹಳ ವರ್ಷಗಳಿಂದ ಮಾತ್ರೆ ತಗೊಳ್ಳುತ್ತಿದ್ದಾರೆ, ತಪ್ಪಿಸಿದವರಲ್ಲ. 2019ರಲ್ಲಿ ಲಿವರಿಗೆ ತಗಲುವ ವೈರಸ್ ಸೋಂಕು ಹೆಪಟೈಟಿಸ್ ಸಿ ಕೂಡ ಇದೆ ಅಂತ ಗೊತ್ತಾಯಿತು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಅದರ ಮಾತ್ರೆ ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಬರೆಸಿಕೊಂಡು 12 ವಾರ ನುಂಗಿದ್ದರು. ಮುಗಿಸಿ 12 ವಾರಕ್ಕೆ ಪರೀಕ್ಷೆ ಮಾಡಿದಾಗ ವೈರಸ್ ಮತ್ತೆ ಕಾಣಿಸಿತು. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

“ನನಗೆ ಔಷಧಿ ನಾಟಲ್ಲ ಮೇಡಂ, ಬಿಡಿ” ಅಂದರು.

ಮಾತ್ರೆ ಹೇಗೆ ತಗೊಂಡ್ರಿ, ಜೊತೆಗೆ ಇನ್ನೇನು ನುಂಗ್ತಿದ್ರಿ ಅಂತ ನಿಧಾನಕ್ಕೆ ಕೇಳಿದೆ. ಆ ಆಸ್ಪತ್ರೆಯಲ್ಲಿ ಎಚ್‌ಐವಿ ವಿಷಯ ಹೇಳಿರಲೇ ಇಲ್ಲವಂತೆ. ಮುಖ ಸಿಂಡರಿಸುತ್ತಾರೆ ಅನ್ನೋ ಭಯ. ಆಗ ಅವರ ಎಆರ್‌ಟಿಯಲ್ಲಿ ಎಫಾವಿರೆಂಜ್ ಇತ್ತು. ಅದು ವೆಲ್ಪಟಾಸ್ವಿರ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಸಾಲದ್ದಕ್ಕೆ ‘ಗ್ಯಾಸ್ಟ್ರಿಕ್’ ಅಂತ ದಿನಾ ಮೆಡಿಕಲ್ ಶಾಪಿನ ಪ್ಯಾಂಟೊಪ್ರಜೋಲ್. ಅದರಿಂದ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಇದರಿಂದಲೇ ಹೀಗಾಯಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ‘ನನಗೆ ನಾಟಲ್ಲ’ ಅನ್ನೋದಕ್ಕಿಂತ ಇದು ನಂಬುವಂಥ ಕಾರಣ, ಅಲ್ವಾ?

ಹೀಗೆ ಹೇಳಿದೆ: ಲಿವರ್ ಡಾಕ್ಟರಿಗೆ ಎರಡೂ ಫೈಲು ತೋರಿಸಿ, ಗ್ಯಾಸ್ಟ್ರಿಕ್ ಮಾತ್ರೆಯ ಶೀಟನ್ನೂ ಒಯ್ಯಿರಿ. ನಿಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಬಯಲು ಮಾಡದಂತೆ 2017ರ ಕಾಯ್ದೆ ಇದೆ. ಎಚ್‌ಐವಿ ಜೊತೆಗಿದ್ದರೆ ಹೆಪಟೈಟಿಸ್ ಸಿ ಲಿವರನ್ನು ಬೇಗ ಕೆಡಿಸುತ್ತದೆ, ಮುಂದೂಡಬೇಡಿ. ಈಗ ನೀವು ತಗೊಳ್ಳುವ ಎಚ್‌ಐವಿ ಮಾತ್ರೆ ಡೊಲುಟೆಗ್ರಾವಿರ್‌ಗೂ ಆ ಹೆಪಟೈಟಿಸ್ ಸಿ ಔಷಧಿಗೂ ಜಗಳವಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ.

ಹೋದರು. ಲಿವರ್ ಗಟ್ಟಿಯಾಗಲು ಶುರುವಾಗಿತ್ತು. ಡಾಕ್ಟರು ಅದೇ ಔಷಧಿಗೆ ರಿಬಾವಿರಿನ್ ಅನ್ನೋ ಇನ್ನೊಂದು ವೈರಸ್ ಔಷಧಿ ಸೇರಿಸಿ 24 ವಾರ ಕೊಟ್ಟರು. ರಿಬಾವಿರಿನ್‌ನಿಂದ ರಕ್ತ ಕಡಿಮೆಯಾಗಿ ಸುಸ್ತಾಗುತ್ತದೆ. ಸುಮ್ನೆ ನಿಲ್ಲಿಸಬೇಡಿ, ರಕ್ತ ಪರೀಕ್ಷೆಗೆ ಬನ್ನಿ, ಡೋಸ್ ಇಳಿಸುತ್ತಾರೆ ಅಂತ ಮೊದಲೇ ಹೇಳಿಟ್ಟಿದ್ದೆ. ಅದು ಉಪಯೋಗಕ್ಕೆ ಬಂತು. ನಡುವೆ ಮೆಷಿನ್ ತುಳಿಯುವುದಕ್ಕೂ ಆಗದಷ್ಟು ಸುಸ್ತಾಗಿತ್ತು. ಡೋಸ್ ಇಳಿಸಿದ ಮೇಲೆ ಮುಂದುವರಿಸಿದರು.

ಮುಗಿಸಿ 12 ವಾರಕ್ಕೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲ. ಸೋಂಕು ಎಂದಾದರೂ ತಗಲಿತ್ತಾ ಅಂತ ಹೇಳುವ ಆಂಟಿಬಾಡಿ ಪರೀಕ್ಷೆ ಮುಂದೆಯೂ ಪಾಸಿಟಿವ್ ಅಂತಲೇ ತೋರಿಸಬಹುದು, ಗಾಬರಿಯಾಗದೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಪರೀಕ್ಷೆ) ಮಾಡಿಸಿ ಅಂದಿದ್ದೇನೆ. ಲಿವರ್ ಸ್ಕ್ಯಾನ್ ಆರು ತಿಂಗಳಿಗೊಮ್ಮೆ ನಡೆಯುತ್ತಿದೆ.